ಎರಿ ಹೊಲದಾಗ ನಮ್ಮ ರೋಬೊ ಗಾಡಿ

ಕೊನೆಯ ವರ್ಷದ ಪ್ರಾಜೆಕ್ಟ್ ಹತ್ತಿರ ಬಂತೆಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೊಬೈಲಿಗೆ ಒಂದು ಜಾತಿಯ ಮೆಸೇಜುಗಳು ಬರತೊಡಗುತ್ತವೆ. ‘ಪ್ರಾಜೆಕ್ಟ್ ಬೇಕೇ? ಮಾಡೆಲ್, ರಿಪೋರ್ಟ್, ಪಿಪಿಟಿ ಎಲ್ಲಾ ಸೇರಿ ಒಂದೇ ರೇಟು. ವೈವಾ ತಯಾರಿ ಫ್ರೀ!’ ಪಟ್ಟಿಯಲ್ಲಿ ಮೊದಲಿಗೇ ಇರುವುದು ರೋಬೊ ಗಾಡಿಗಳು. ಕಪ್ಪು ಗೆರೆ ಹಿಡಿದು ಓಡುವ ಗಾಡಿ, ಅಡ್ಡಿ ಕಂಡರೆ ಪಕ್ಕಕ್ಕೆ ತಿರುಗುವ ಗಾಡಿ, ಮೊಬೈಲಿನ ಬ್ಲೂಟೂತ್‌ನಿಂದ ನಡೆಯುವ ಗಾಡಿ. ಹಳದಿ ಪ್ಲಾಸ್ಟಿಕ್ ಮೋಟರ್, ನಾಲ್ಕು ಚಕ್ರ, ಮೇಲೊಂದು ಆರ್ಡುಯಿನೊ ಬೋರ್ಡ್. ಡಬ್ಬಿ ಬಿಚ್ಚಿ, ಬ್ಯಾಟರಿ ಹಾಕಿ, ಎಕ್ಸ್‌ಟರ್ನಲ್ ಎದುರು ಎರಡು ನಿಮಿಷ ಓಡಿಸಿದರೆ ಕೆಲಸ ಮುಗಿಯಿತು. ಅದೇ ಗಾಡಿ ಮುಂದಿನ ವರ್ಷ ಬೇರೆ ಕಾಲೇಜಿನ ಟೇಬಲ್ ಮೇಲೂ ಓಡುತ್ತದೆ.

ದುಡ್ಡು ಕೊಟ್ಟು ತರುವವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ಹಳ್ಳಿ ಬಿಟ್ಟು ಸಂಜೆ ಏಳಕ್ಕೆ ಮನೆ ಮುಟ್ಟುವ ಹುಡುಗನಿಗೆ ಲ್ಯಾಬ್ ಐದಕ್ಕೇ ಮುಚ್ಚಿದರೆ ಏನು ಮಾಡಬೇಕು? ಯಾದಗಿರಿಯಲ್ಲಿ ಒಂದು ಸೆನ್ಸರ್ ಬೇಕೆಂದರೆ ಆನ್‌ಲೈನ್‌ನಲ್ಲಿ ಬುಕ್ ಮಾಡಿ ವಾರ ಕಾಯಬೇಕು. ಇಲ್ಲವೇ ರೈಲು ಹತ್ತಿ ಹೈದರಾಬಾದಿನ ಕೋಠಿಗೋ ಬೆಂಗಳೂರಿನ ಎಸ್.ಪಿ. ರೋಡಿಗೋ ಹೋಗಬೇಕು. ಶಹಾಪುರ, ಸುರಪುರದವರಿಗೆ ರೈಲು ಹತ್ತಲೂ ಮೊದಲು ಬಸ್ಸು ಹತ್ತಬೇಕು. ಆದರೆ ಕೊಂಡು ತಂದ ಗಾಡಿಯ ಗುಟ್ಟು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಬಯಲಾಗುತ್ತದೆ. ನಮ್ಮ ಸೀನಿಯರ್ ಒಬ್ಬರಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಈ ಮೋಟರನ್ನೇ ಯಾಕೆ ಆರಿಸಿದಿರಿ?’ ಅಂಗಡಿಯವನು ಆರಿಸಿದ್ದ ಎಂದು ಹೇಳಲು ಬರುತ್ತದೆಯೇ!

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿದಾಗ ಇದೇ ಪ್ರಶ್ನೆಯಿಂದ ಶುರು ಮಾಡಿದೆವು. ಒಬ್ಬ ಯಾದಗಿರಿಯವನು, ಇಬ್ಬರು ಶಹಾಪುರ ತಾಲ್ಲೂಕಿನವರು, ಒಬ್ಬಾಕೆ ಸುರಪುರದವಳು. ಒಬ್ಬ ಮೆಕ್ಯಾನಿಕಲ್, ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬಾಕೆ ಕಂಪ್ಯೂಟರ್ ಸೈನ್ಸ್. ಗಾಡಿ ಯಾವ ಕೆಲಸಕ್ಕೆ ಎಂಬುದರಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ನಾಲ್ವರ ಮನೆಯಲ್ಲೂ ಹತ್ತಿ ಬೆಳೆಯುತ್ತಾರೆ, ನಾಲ್ವರ ಮನೆಯಲ್ಲೂ ಯಾರಾದರೊಬ್ಬರು ಬೆನ್ನಿಗೆ 16 ಲೀಟರಿನ ಪಂಪು ಕಟ್ಟಿಕೊಂಡು ಎಣ್ಣಿ ಹೊಡೆಯುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಅಂತಲೇ ಹೆಸರು. ಮಾಸ್ಕ್ ಇಲ್ಲ, ಗ್ಲೌಸ್ ಇಲ್ಲ, ಮೂಗಿಗೆ ಒಂದು ಟವೆಲ್. ಎದೆಮಟ್ಟಕ್ಕೆ ಬೆಳೆದ ಹತ್ತಿಯ ನಡುವೆ ಮುಂದೆ ಮುಂದೆ ಹೊಡೆಯುತ್ತಾ ಹೋದರೆ ಈಗಷ್ಟೇ ಹೊಡೆದ ಎಲೆಗಳನ್ನು ಸವರಿಕೊಂಡೇ ನಡೆಯಬೇಕು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದು ದೂರದ ಸುದ್ದಿಯಂತೆ ಕಂಡರೂ ಬೆಳೆ ಒಂದೇ, ಪಂಪು ಒಂದೇ, ಎಣ್ಣಿಯ ಡಬ್ಬಿಗಳೂ ಅವೇ. ಹಾಗಾಗಿ ಎರಡು ಹತ್ತಿ ಸಾಲಿನ ನಡುವೆ ತಾನೇ ನಡೆದು ಹೋಗಿ ಎರಡೂ ಬದಿಗೆ ಸಿಂಪಡಿಸುವ ಗಾಡಿ ಎಂದು ಬರೆದು ಗೈಡಿಗೆ ಕೊಟ್ಟೆವು.

ಇಲ್ಲಿ ಒಂದು ಮಾತು. ರಿಮೋಟಿನಿಂದ ಓಡುವ ಗಾಡಿಯನ್ನೆಲ್ಲ ರೋಬೊ ಎಂದು ಕರೆಯುವ ರೂಢಿ ನಮ್ಮಲ್ಲಿ ಬಂದುಬಿಟ್ಟಿದೆ. ರೋಬೊ ಎನ್ನಬೇಕಾದರೆ ಗಾಡಿ ಮೂರು ಕೆಲಸ ಮಾಡಬೇಕು: ಸುತ್ತಲಿನದನ್ನು ತಾನೇ ನೋಡಬೇಕು, ನೋಡಿದ್ದರ ಮೇಲೆ ತಾನೇ ತೀರ್ಮಾನಿಸಬೇಕು, ತೀರ್ಮಾನಿಸಿದ್ದನ್ನು ಮೋಟರಿನಿಂದ ಮಾಡಿ ತೋರಿಸಬೇಕು. ರಿಮೋಟ್ ಗಾಡಿಯಲ್ಲಿ ಮೊದಲ ಎರಡು ಕೆಲಸ ಮಾಡುವುದು ರಿಮೋಟ್ ಹಿಡಿದ ಮನುಷ್ಯ.

ಗುಜರಿ ಅಂಗಡಿಯ ಮೋಟರ್

ಮೊದಲು ಲೆಕ್ಕ. ಗಾಡಿಯ ತೂಕ 24 ಕಿಲೊ, ಟ್ಯಾಂಕಿನಲ್ಲಿ 16 ಲೀಟರ್ ನೀರು, ಒಟ್ಟು 40 ಕಿಲೊ ಎಂದು ಹಿಡಿದೆವು. ಟೈಲ್ಸ್ ಮೇಲಾದರೆ ಇದನ್ನು ಒಂದು ಬೆರಳಿನಿಂದ ತಳ್ಳಬಹುದು. ಸಡಿಲ ಮಣ್ಣಿನಲ್ಲಿ ಹಾಗಲ್ಲ. ಚಕ್ರ ಹೂತು ಹೂತು ಹೋಗುವುದರಿಂದ ತೂಕದ ಕಾಲು ಭಾಗದಷ್ಟು ಬಲವಾದರೂ ಮುಂದೆ ತಳ್ಳಲು ಬೇಕು ಎಂದು ಅಂದಾಜು ಮಾಡಿದೆವು. ಅಂದರೆ ಸುಮಾರು 98 ನ್ಯೂಟನ್. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 25 ನ್ಯೂಟನ್ ಹತ್ತಿರ. ಚಕ್ರದ ತ್ರಿಜ್ಯ 15 ಸೆಂ.ಮೀ. ಆದ್ದರಿಂದ ಒಂದೊಂದು ಮೋಟರಿಗೂ ಹೆಚ್ಚುಕಡಿಮೆ 3.7 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಕಿಟ್‌ನಲ್ಲಿ ಬರುವ ಹಳದಿ ಮೋಟರ್ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಅಷ್ಟು ಶಕ್ತಿಯ ಹೊಸ ಗೇರ್ ಮೋಟರ್ ನಾಲ್ಕು ಕೊಳ್ಳಲು ನಮ್ಮ ಜೇಬು ಒಪ್ಪಲಿಲ್ಲ. ಉತ್ತರ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಕಾರು, ಲಾರಿಗಳ ಗಾಜು ಒರೆಸುವ ವೈಪರ್ ಮೋಟರ್! 12 ವೋಲ್ಟಿನದು, ಒಳಗೇ ಗೇರ್ ಇದೆ, ನಿಧಾನ ತಿರುಗುತ್ತದೆ, ಗಟ್ಟಿಯಾಗಿ ತಿರುಗುತ್ತದೆ, ಮಳೆಗೂ ಧೂಳಿಗೂ ಹೆದರುವುದಿಲ್ಲ. ನಿಮಿಷಕ್ಕೆ 50 ಸುತ್ತು ಹಾಕಿದರೆ ನಮ್ಮ ಚಕ್ರಕ್ಕೆ ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗ ಬರುತ್ತದೆ. ಅದನ್ನು ಅರ್ಧ ಮೀಟರಿಗೆ ಇಳಿಸಿಕೊಂಡೆವು. ಮನುಷ್ಯ ಪಂಪು ಹೊತ್ತು ನಡೆಯುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ.

ಮೋಟರಿಗೂ ಬೋರ್ಡಿಗೂ ನಡುವೆ ಕರೆಂಟ್ ಹಂಚುವ ಡ್ರೈವರ್ ಒಂದು ಬೇಕು. ಎಲ್ಲ ಯೂಟ್ಯೂಬ್ ವಿಡಿಯೊಗಳಲ್ಲೂ ಕಾಣುವುದು ಎಲ್298ಎನ್ ಎಂಬ ಕೆಂಪು ಡ್ರೈವರ್. ಅದರ ಶಕ್ತಿ ಒಂದು ಮೋಟರಿಗೆ 2 ಆಂಪಿಯರ್. ವೈಪರ್ ಮೋಟರ್ ನಿಂತಲ್ಲಿಂದ ಹೊರಡುವಾಗಲೇ ಅದರ ಹಲವು ಪಟ್ಟು ಎಳೆಯುತ್ತದೆ. ಇಂಥ ಗಾಡಿಗೆ ಬಿಟಿಎಸ್7960 ಡ್ರೈವರ್ ಬೇಕು. ಎಡಗಡೆಯ ಎರಡು ಮೋಟರಿಗೆ ಒಂದು, ಬಲಗಡೆಯ ಎರಡಕ್ಕೆ ಇನ್ನೊಂದು. ತಿರುಗಿಸಲು ಸ್ಟೀರಿಂಗ್ ಇಲ್ಲ. ಎಡ ನಿಧಾನ, ಬಲ ಜೋರು ಮಾಡಿದರೆ ಗಾಡಿ ಎಡಕ್ಕೆ ಹೊರಳುತ್ತದೆ, ಟ್ಯಾಂಕರಿನಂತೆ ಅಲ್ಲ, ಯುದ್ಧದ ಟ್ಯಾಂಕಿನಂತೆ.

ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ ನಾವು ಕಂಪ್ಯೂಟರಿನಲ್ಲಿ ಬಿಡಿಸಿದ ಡ್ರಾಯಿಂಗ್ ತೋರಿಸಿದೆವು. ಅವರು ಅದನ್ನು ನೋಡಿ, ಮೊಬೈಲ್ ಪಕ್ಕಕ್ಕಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಇನ್ನೊಂದು ಬಿಡಿಸಿದರು. ‘ಇಲ್ಲಿ ಒಂದ್ ಪಟ್ಟಿ ಅಡ್ಡ ಹಾಕ್ರಿ, ಇಲ್ಲಾಂದ್ರ ನಡು ಮುರಿತದ.’ ನಮ್ಮ ಸಾಫ್ಟ್‌ವೇರ್ ಕೂಡ ಅಲ್ಲೇ ಕೆಂಪು ಬಣ್ಣ ತೋರಿಸಿತ್ತು! ಟ್ರಾಲಿ, ಕೂರಿಗೆ, ಕುಂಟೆ ರಿಪೇರಿ ಮಾಡಿ ಮಾಡಿ ಯಾವ ಜೋಡಣೆ ಎಲ್ಲಿ ಸೀಳುತ್ತದೆ ಎಂಬುದು ಅವರ ಕೈಗೇ ಗೊತ್ತು. ಆ ಚೌಕಟ್ಟನ್ನು ಊರಿಗೆ ಒಯ್ಯುವಾಗ ಬಸ್ಸಿನ ಕಂಡಕ್ಟರ್ ‘ಇದೇನ್ರಪಾ, ಬಂಡಿನಾ, ಮಂಚನಾ?’ ಎಂದು ಕೇಳಿ ಲಗೇಜ್ ಟಿಕೆಟ್ ಹರಿದರು. ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿದ್ದೇವೆ. ಮೋಟರಿಗೆ ₹2,000, ಡ್ರೈವರಿಗೆ ₹1,200, ಇಎಸ್‌ಪಿ32 ಬೋರ್ಡಿಗೆ ₹450, ಕಬ್ಬಿಣ ಮತ್ತು ವೆಲ್ಡಿಂಗಿಗೆ ₹2,500, ಹಳೆಯ ಚಕ್ರಗಳಿಗೆ ₹800, ಕ್ಯಾಮೆರಾ, ವೈರು, ಸ್ವಿಚ್ಚು, ಲಗೇಜು ಎಲ್ಲ ಸೇರಿ ₹1,500. ಒಟ್ಟು ₹8,450. ರಾಸ್ಪ್‌ಬೆರಿ ಪೈ ಲ್ಯಾಬಿನದು, ಬ್ಯಾಟರಿ ಗೆಳೆಯನ ಮನೆಯ ಪಂಪಿನದು.

ಒಂದು ಸಣ್ಣ ಟಿಪ್ಪಣಿ ನಮ್ಮ ಬಿಸಿಲಿನವರಿಗೆ. 3ಡಿ ಪ್ರಿಂಟರಿನಲ್ಲಿ ಮಾಡಿಸುವ ಬಿಡಿಭಾಗಗಳಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಕಪ್ಪು ಡಬ್ಬಿಯೊಳಗೆ ಆ ಶಾಖ ಬರುವುದು ಕಷ್ಟವೇನಲ್ಲ. ಹಾಗಾಗಿ ಕ್ಯಾಮೆರಾ ಹಿಡಿಯುವ ಕೈಯನ್ನು ತಗಡಿನಲ್ಲೇ ಮಾಡಿಸಿದೆವು.

ಎತ್ತೇ ಕಾಲಿಡದ ಮಣ್ಣು

ಗೆಳೆಯನ ಕಾಕಾ ಅವರ ಹೊಲ ಶಹಾಪುರದ ಹತ್ತಿರ. ಗಾಡಿಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ ನಮ್ಮ ಯಾವ ಪಠ್ಯದಲ್ಲೂ ಇರಲಿಲ್ಲ. ‘ತಮ್ಮಾ, ಇದೆಲ್ಲಾ ಖರೇ ಅದ. ಮಳಿ ಆದ ಮರುದಿನ ಎರಿ ಹೊಲದಾಗ ಎತ್ತೇ ಕಾಲಿಡಂಗಿಲ್ಲ, ನಿಮ್ಮ ಗಾಡಿ ಹ್ಯಾಂಗ ಹೋಗ್ತದ?’

ಎರೆ ಮಣ್ಣಿನ ಸ್ವಭಾವವೇ ಹಾಗೆ. ಅದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಇದ್ದಾಗ ಚಕ್ರಕ್ಕೆ ಹತ್ತಿದ ಮಣ್ಣು ಬಿಡುವುದಿಲ್ಲ. ಹತ್ತು ಸುತ್ತಿನಲ್ಲಿ 15 ಸೆಂ.ಮೀ. ತ್ರಿಜ್ಯದ ಚಕ್ರ 18 ಸೆಂ.ಮೀ. ಆಗುತ್ತದೆ, ತೂಕವೂ ಏರುತ್ತದೆ, ಹಲ್ಲುಗಳ ನಡುವೆ ಮಣ್ಣು ತುಂಬಿ ನುಣ್ಣಗಿನ ಗುಂಡು ಆಗುತ್ತದೆ. ಆಮೇಲೆ ಅದು ಒಂದೇ ಜಾಗದಲ್ಲಿ ತಿರುಗುತ್ತಾ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಚಕ್ರದ ಮೇಲೆ ಮಣ್ಣು ಕೆರೆದು ಬೀಳಿಸುವ ಒಂದು ತಗಡಿನ ನಾಲಿಗೆ ಕೂಡಿಸಿದೆವು. ಒಣ ಮತ್ತು ಅರೆ ಒಣ ಮಣ್ಣಿನಲ್ಲಿ ಅದು ಸಾಕು. ಮಳೆಯ ಮರುದಿನ ಕಾಕಾ ಹೇಳಿದ್ದೇ ನಿಜ. ಆದರೆ ಆ ದಿನ ಯಾರೂ ಎಣ್ಣಿ ಹೊಡೆಯುವುದಿಲ್ಲ ಎಂಬುದೇ ನಮ್ಮ ಸಮಾಧಾನ.

ಗಾಡಿಯ ಅಗಲ ಎಷ್ಟಿರಬೇಕು ಎಂಬುದಕ್ಕೆ ಅಳತೆ ಕೊಟ್ಟದ್ದು ಎಡೆಕುಂಟೆ. ಹತ್ತಿ ಸಾಲುಗಳ ನಡುವೆ ಮೂರು ಅಡಿ, ಅಂದರೆ ಸುಮಾರು 90 ಸೆಂ.ಮೀ. ಬೇರು, ಟೊಂಗೆಗೆ ತಗಲದಂತೆ ಎತ್ತಿನ ಹಿಂದೆ ಹೋಗುವ ಕುಂಟೆಯನ್ನು ನಮ್ಮ ಬಡಿಗೇರರು ಯಾವ ಅಳತೆಗೆ ಮಾಡಿದ್ದಾರೋ ನಾವೂ ಅದರ ಸುತ್ತಮುತ್ತಲೇ ಇರಬೇಕಾಯಿತು. 50 ಸೆಂ.ಮೀ. ಅಗಲ ಇಟ್ಟೆವು. ಎಡಕ್ಕೆ 20, ಬಲಕ್ಕೆ 20 ಉಳಿಯಿತು. ಗಾಡಿ ಇಷ್ಟರೊಳಗೇ ತಪ್ಪಿ ತಿದ್ದಿಕೊಳ್ಳಬೇಕು.

ಆ 20 ಸೆಂ.ಮೀ. ನಮ್ಮ ಎಷ್ಟೋ ಯೋಜನೆಗಳನ್ನು ಹೊಡೆದುಹಾಕಿತು. ಮೊದಲು ಹೋದದ್ದು ಜಿಪಿಎಸ್. ನಮಗೆ ಕೈಗೆಟುಕುವ ಮಾಡ್ಯೂಲಿನ ನಿಖರತೆ ಎರಡೂವರೆ ಮೀಟರ್. ಅಂದರೆ ಗಾಡಿ ಈ ಸಾಲಿನಲ್ಲಿದೆಯೋ ಆಚೆ ಎರಡನೇ ಸಾಲಿನಲ್ಲಿದೆಯೋ ಅದಕ್ಕೇ ತಿಳಿಯದು. ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುವ ಆರ್‌ಟಿಕೆ ಎಂಬ ವ್ಯವಸ್ಥೆ ಇದೆ, ಅದರ ಬೆಲೆ ನಮ್ಮ ಗಾಡಿಯ ಬೆಲೆಗಿಂತ ದೊಡ್ಡದು.

ಎರಡನೆಯದು ಅಲ್ಟ್ರಾಸಾನಿಕ್ ಸೆನ್ಸರ್. ಇದು ನಮಗೆ ಕೇಳದಷ್ಟು ಏರುದನಿಯ ಶಬ್ದ ಬಿಟ್ಟು, ಅದು ತಗುಲಿ ಮರಳಿ ಬರುವ ಹೊತ್ತನ್ನು ಎಣಿಸಿ ದೂರ ಹೇಳುತ್ತದೆ. ಗೋಡೆಗೆ ಚೆನ್ನಾಗಿ ಹೇಳುತ್ತದೆ. ಅಲುಗಾಡುವ ಎಲೆ, ಓರೆಯಾದ ಟೊಂಗೆಗೆ ಶಬ್ದ ಎತ್ತೆತ್ತಲೋ ಚದುರಿಹೋಗುತ್ತದೆ. ಇನ್ನೊಂದು ತಮಾಷೆಯಿದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಪ್ರೋಗ್ರಾಂಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಬರೆದಿರುತ್ತದೆ. ಅದು 20 ಡಿಗ್ರಿ ತಂಪಿನಲ್ಲಿ. 42 ಡಿಗ್ರಿಯಲ್ಲಿ ಶಬ್ದ ಸುಮಾರು 357 ಮೀಟರ್ ಓಡುತ್ತದೆ. ಅಂದರೆ ಒಂದು ಮೀಟರ್ ದೂರದ ವಸ್ತುವನ್ನು 96 ಸೆಂ.ಮೀ. ಎಂದು ಓದುತ್ತದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಭಾಗದಲ್ಲಿ ಈ ಸೆನ್ಸರ್ ಬಳಸುವವರು ಪಕ್ಕದಲ್ಲಿ ಒಂದು ಉಷ್ಣಾಂಶದ ಸೆನ್ಸರನ್ನೂ ಇಟ್ಟು ತಿದ್ದಿಕೊಳ್ಳಬೇಕು.

ಕೊನೆಗೆ ಉಳಿದದ್ದು ಕ್ಯಾಮೆರಾ. ಇಲ್ಲಿ ಮಾತ್ರ ಎರೆ ಮಣ್ಣು ನಮ್ಮ ಕಡೆ ಬಂತು. ಕಪ್ಪು ನೆಲದ ಮೇಲೆ ಹಸಿರು ಗಿಡ, ಇದಕ್ಕಿಂತ ಸ್ಪಷ್ಟ ಚಿತ್ರ ಬೇರೆ ಬೇಕೇ? ಕ್ಯಾಮೆರಾದ ಚಿತ್ರ ಲಕ್ಷಾಂತರ ಚುಕ್ಕಿಗಳಿಂದ ಆಗಿರುತ್ತದೆ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಹಸಿರಿನ ಎರಡರಷ್ಟರಿಂದ ಕೆಂಪು, ನೀಲಿ ಎರಡನ್ನೂ ಕಳೆದರೆ ಗಿಡದ ಚುಕ್ಕಿಗಳಿಗೆ ದೊಡ್ಡ ಅಂಕಿ ಬರುತ್ತದೆ, ಮಣ್ಣಿನ ಚುಕ್ಕಿಗಳಿಗೆ ಸೊನ್ನೆಯ ಹತ್ತಿರ. ಕೂಡು-ಕಳೆ ಬಲ್ಲ ಹೈಸ್ಕೂಲ್ ಹುಡುಗರಿಗೂ ತಿಳಿಯುವ ಸಂಗತಿ. ಎಡ ಸಾಲಿನ ಹಸಿರು, ಬಲ ಸಾಲಿನ ಹಸಿರು, ಎರಡರ ನಡುವಿನ ಕಪ್ಪು ದಾರಿ. ಆ ದಾರಿಯ ನಡುಗೆರೆಯಿಂದ ಗಾಡಿ ಎಷ್ಟು ಸರಿದಿದೆ ಎಂದು ರಾಸ್ಪ್‌ಬೆರಿ ಪೈ ಹೇಳುತ್ತದೆ, ಎಷ್ಟು ತಿದ್ದಬೇಕು ಎಂದು ಇಎಸ್‌ಪಿ32 ಮೋಟರುಗಳಿಗೆ ಹೇಳುತ್ತದೆ. ಈ ಪ್ರೋಗ್ರಾಂ ಬರೆದದ್ದು ಸುರಪುರದ ಗೆಳತಿ. ಹಾಸ್ಟೆಲ್ ಗೇಟು ಸಂಜೆಯೇ ಮುಚ್ಚುವುದರಿಂದ ಹೊಲದ ವಿಡಿಯೊಗಳನ್ನು ಕಳುಹಿಸಿಕೊಂಡು ರೂಮಿನಲ್ಲಿ ಕೂತೇ ಗಾಡಿಗೆ ಕಣ್ಣು ಕೊಟ್ಟಳು.

ಹದಿನೆಂಟು ಮೀಟರ್

ಸೆಪ್ಟೆಂಬರಿನ ಮೊದಲ ಓಟದಲ್ಲಿ ಗಾಡಿ ಯಾರೂ ಮುಟ್ಟದೆ ಹೋದದ್ದು 18 ಮೀಟರ್. ಸಾಲಿನ ಉದ್ದ ಸುಮಾರು ನೂರು ಮೀಟರ್. ಅಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತಾ ಉಳಿಯಿತು. ಸಾಲಿನ ನಡುವೆ ಕಳೆ ಬೆಳೆದಿತ್ತು. ಕಳೆಯೂ ಹಸಿರು, ಹತ್ತಿಯೂ ಹಸಿರು. ಗಾಡಿಯ ಕಣ್ಣಿಗೆ ದಾರಿಯೇ ಮಾಯ. ಕಾಕಾ ನಕ್ಕು, ‘ಎಡಿ ಹೊಡದ ಮ್ಯಾಲ ತಗೊಂಡ್ ಬರ್ರಿ’ ಎಂದರು. ಎಡೆಕುಂಟೆ ಹೊಡೆದ ಮೇಲೆ, ನಡುವೆ ಒಂದು ಮಳೆಗೆ ಕಾದು, ಮೂರನೆಯ ಓಟದಲ್ಲಿ 60 ಮೀಟರ್ ಹೋಯಿತು. ಆ ದಿನ ಟ್ಯಾಂಕಿನಲ್ಲಿ ಇದ್ದದ್ದು ಬರೀ ನೀರು.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ 2004ರ ಮಾರ್ಚ್ 13ರಂದು ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳ ಓಟ ಇಟ್ಟಿತ್ತು. ಬಹುಮಾನ 10 ಲಕ್ಷ ಡಾಲರ್, ದೂರ ಸುಮಾರು 240 ಕಿ.ಮೀ. ಎಲ್ಲರಿಗಿಂತ ಮುಂದೆ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಾಡಿ 12 ಕಿ.ಮೀ.ಯೊಳಗೇ ಸಿಕ್ಕಿಬಿತ್ತು. ಬಹುಮಾನ ಯಾರಿಗೂ ಸಿಗಲಿಲ್ಲ. ಶೇಕಡಾವಾರು ಲೆಕ್ಕ ಹಾಕಿದರೆ ನಮ್ಮ 18 ಮೀಟರೇ ಮೇಲು ಎಂದು ನಾವು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗಿದ್ದುಂಟು! ಆದರೆ ಆ ಕಥೆಯ ಉಳಿದ ಭಾಗ ಹೆಚ್ಚು ಮುಖ್ಯ. 2005ರ ಅಕ್ಟೋಬರಿನಲ್ಲಿ ಅದೇ ಸ್ಪರ್ಧೆ ಮತ್ತೆ ನಡೆದಾಗ ಐದು ಗಾಡಿಗಳು ಸುಮಾರು 212 ಕಿ.ಮೀ. ದಾರಿಯನ್ನು ಪೂರ್ತಿ ಮುಗಿಸಿದವು. ಸ್ಟ್ಯಾನ್‌ಫರ್ಡ್‌ನ ‘ಸ್ಟ್ಯಾನ್ಲಿ’ ಏಳು ತಾಸಿನೊಳಗೆ ಮುಟ್ಟಿ ಗೆದ್ದಿತು. ನಡುವೆ ಇದ್ದದ್ದು ಒಂದೂವರೆ ವರ್ಷ. ಒಂದು ಸೆಮಿಸ್ಟರಿಗೆ ಗಾಡಿ ಮಾಡಿ, ಮಾರ್ಕ್ಸ್ ಬಂದೊಡನೆ ಬಿಚ್ಚಿ ಬಿಡಿಭಾಗ ಹಂಚಿಕೊಳ್ಳುವ ನಮ್ಮ ಪದ್ಧತಿಯಲ್ಲಿ ಇಂಥದ್ದು ಆಗುವುದು ಹೇಗೆ?

ನಮ್ಮ ರಾಜ್ಯದಲ್ಲೇ ಈ ಪದ್ಧತಿಯನ್ನು ಮುರಿದವರು ಇದ್ದಾರೆ. ಮಣಿಪಾಲದ ಎಂಐಟಿಯಲ್ಲಿ ‘ಪ್ರಾಜೆಕ್ಟ್ ಮಾನಸ್’ ಮತ್ತು ‘ಮಾರ್ಸ್ ರೋವರ್ ಮಣಿಪಾಲ್’ ಎಂಬ ಎರಡು ವಿದ್ಯಾರ್ಥಿ ತಂಡಗಳಿವೆ. ಮೊದಲನೆಯದು ಚಾಲಕರಿಲ್ಲದ ವಾಹನಗಳದು. ಅಮೆರಿಕದ ಮಿಷಿಗನ್ ರಾಜ್ಯದ ಓಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಐಜಿವಿಸಿ ಸ್ಪರ್ಧೆಗೆ ಹೋಗಿ ಬಂದ ತಂಡ ಅದು. 1993ರಿಂದ ನಡೆಯುತ್ತಿರುವ ಆ ಸ್ಪರ್ಧೆಯ ನಿಯಮ ಓದಿದರೆ ನಮ್ಮ ಹತ್ತಿ ಸಾಲೇ ನೆನಪಾಗುತ್ತದೆ: ನೆಲದ ಮೇಲೆ ಬಳಿದ ಎರಡು ಬಿಳಿ ಗೆರೆಗಳ ನಡುವೆ, ಅಡ್ಡ ಇಟ್ಟ ಡ್ರಮ್ಮುಗಳನ್ನು ತಪ್ಪಿಸಿಕೊಂಡು, ಮೈಮೇಲೆ 20 ಪೌಂಡ್ ಅಂದರೆ 9 ಕಿಲೊ ಭಾರ ಹೊತ್ತು ಗಾಡಿ ತಾನೇ ನಡೆಯಬೇಕು. ಎರಡನೆಯ ತಂಡ ಮಂಗಳ ಗ್ರಹದ ಮೇಲೆ ಓಡುವಂಥ ರೋವರ್ ಮಾಡುತ್ತದೆ. ಯೂಟಾ ರಾಜ್ಯದ ಮರುಭೂಮಿಯಲ್ಲಿ ಮಾರ್ಸ್ ಸೊಸೈಟಿ ನಡೆಸುವ ಯೂನಿವರ್ಸಿಟಿ ರೋವರ್ ಚಾಲೆಂಜ್ ಅವರ ಅಖಾಡ. ಅಲ್ಲಿ ರೋವರ್ 50 ಕಿಲೊ ಮೀರುವಂತಿಲ್ಲ.

ಆ ತಂಡಗಳ ಹಣ, ವರ್ಕ್‌ಶಾಪು ನಮಗಿಲ್ಲ ಎಂದು ಸುಮ್ಮನಾಗಬಹುದು. ನನಗೆ ಅಸೂಯೆ ಹುಟ್ಟಿಸಿದ್ದು ಹಣವಲ್ಲ. ಅಲ್ಲಿ ಸೀನಿಯರ್‌ಗಳು ಪಾಸಾಗಿ ಹೋದರೂ ತಂಡ ಉಳಿಯುತ್ತದೆ. ಎರಡನೇ ವರ್ಷದವನು ಹಿಂದಿನವರ ಗಾಡಿಯನ್ನೇ ಮುಂದುವರಿಸುತ್ತಾನೆ. ಒಂದು ಬೀಗ ಹಾಕುವ ಕೋಣೆ, ಹಳೆಯ ಗಾಡಿಯ ಡ್ರಾಯಿಂಗ್, ಪ್ರೋಗ್ರಾಂ ಇಟ್ಟ ಒಂದು ಕಂಪ್ಯೂಟರ್, ಇಷ್ಟನ್ನು ಯಾವ ಕಾಲೇಜಾದರೂ ಕೊಡಬಹುದು.

ಮಾತಿಗೆ ಮಾತು ಬಂತು, ಬೋಗಿಯ ವಿಷಯ ಹೇಳಿಬಿಡುತ್ತೇನೆ. ನಾವೆಲ್ಲ ರೈಲಿನ ಡಬ್ಬಿಗೆ ಬೋಗಿ ಎನ್ನುತ್ತೇವೆ. ಎಂಜಿನಿಯರುಗಳಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ನಮ್ಮ ಯಾದಗಿರಿ ತಾಲ್ಲೂಕಿನ ಕಡೇಚೂರು ಕೈಗಾರಿಕಾ ಪ್ರದೇಶದ ರೈಲ್ವೆ ಕಾರ್ಖಾನೆಯ ಕೆಲಸ ಇದೇ ಚೌಕಟ್ಟಿನದು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ 26 ಕಿಲೊ ತೂಕದ ಪ್ರಜ್ಞಾನ್ ರೋವರಿನ ಆರು ಚಕ್ರಗಳ ಜೋಡಣೆಗೂ ‘ರಾಕರ್ ಬೋಗಿ’ ಎಂದೇ ಹೆಸರು. ಕಲ್ಲಿನ ಮೇಲೆ ಒಂದು ಚಕ್ರ ಹತ್ತಿದರೂ ಉಳಿದವು ನೆಲ ಬಿಡದಂತೆ ನೋಡಿಕೊಳ್ಳುವ ಉಪಾಯ ಅದು. ಸೆಕೆಂಡಿಗೆ ಒಂದು ಸೆಂ.ಮೀ. ನಡೆಯುವ ಪ್ರಜ್ಞಾನ್‌ಗಿಂತ ನಮ್ಮ ಗಾಡಿ ಐವತ್ತು ಪಟ್ಟು ಜೋರು. ಚಂದ್ರನಲ್ಲಿ ಎರೆ ಮಣ್ಣು ಇಲ್ಲ ಅನ್ನುವುದೂ ಖರೇ.

ಒಂದು ಎಕರೆಗೆ ಎಷ್ಟು ತಾಸು?

ಕಾಕಾ ಕೇಳಿದ ಎರಡನೇ ಪ್ರಶ್ನೆ ಇದು. ಲೆಕ್ಕ ಮಾಡಿ ತೋರಿಸಿದೆವು. ಒಂದು ಎಕರೆಯಲ್ಲಿ ಮೂರು ಅಡಿ ಅಂತರದ ಸಾಲುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ನಾಲ್ಕೂವರೆ ಕಿ.ಮೀ. ಆಗುತ್ತದೆ. ಎರಡೂ ಬದಿಗೆ ಹೊಡೆಯುವುದರಿಂದ ಒಂದು ಬಿಟ್ಟು ಒಂದು ಸಾಲಿನಲ್ಲಿ ನಡೆದರೆ ಸಾಕು. ಸೆಕೆಂಡಿಗೆ ಅರ್ಧ ಮೀಟರಿನಂತೆ ಒಂದೂಕಾಲು ತಾಸು. ಕೇಳಲು ಚೆಂದ. ಆದರೆ ಒಂದು ಎಕರೆಗೆ ಎಣ್ಣಿ ಕಲಸಿದ ನೀರು ಸುಮಾರು 200 ಲೀಟರ್ ಬೇಕು. ನಮ್ಮ ಟ್ಯಾಂಕು 16 ಲೀಟರ್. ಹನ್ನೆರಡು ಹದಿಮೂರು ಸಲ ತುಂಬಬೇಕು, ತುಂಬುವವನು ಮನುಷ್ಯನೇ. ಗಾಡಿ 8 ಆಂಪಿಯರ್ ಎಳೆಯುತ್ತದೆ, ಪಂಪಿನ ಬ್ಯಾಟರಿ 8 ಆಂಪಿಯರ್-ತಾಸಿನದು. ಕಾಗದದ ಮೇಲೆ ಒಂದು ತಾಸು, ಹೊಲದಲ್ಲಿ ಅರ್ಧ ತಾಸು. ಎಕರೆಗೆ ಮೂರು ಬ್ಯಾಟರಿ ಬದಲಿಸಬೇಕು. ಸಾಲಿನ ಕೊನೆಗೆ ಹೋಗಿ ತಾನೇ ತಿರುಗಿ ಪಕ್ಕದ ಸಾಲಿಗೆ ಬರುವುದು ಗಾಡಿಗೆ ಇನ್ನೂ ಬರುವುದಿಲ್ಲ, ಎತ್ತಿ ಇಡಬೇಕು.

‘ಡ್ರೋನ್ ಬಂದದಲ್ಲ, ಇದ್ಯಾಕ?’ ಎಂದು ಕ್ಲಾಸಿನಲ್ಲೂ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಗೆ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಎಕರೆಯನ್ನು ಕೆಲವೇ ನಿಮಿಷದಲ್ಲಿ ಮುಗಿಸುವ ಡ್ರೋನ್ ಜತೆ ನಮ್ಮ ಗಾಡಿ ಓಟಕ್ಕೆ ನಿಲ್ಲಲಾರದು. ಆದರೆ ಡ್ರೋನ್ ಹೊಡೆಯುವುದು ಮೇಲಿನಿಂದ. ಹತ್ತಿಯ ರಸ ಹೀರುವ ಬಿಳಿ ನೊಣ, ಹಸಿರು ಜಿಗಿಹುಳು ಕೂರುವುದು ಎಲೆಯ ಕೆಳಗೆ. ನೆಲದ ಮೇಲೆ ನಡೆಯುವ ಗಾಡಿ ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹೊಡೆಯಬಲ್ಲದು. ನಮ್ಮ ಇಡೀ ವಿನ್ಯಾಸದಲ್ಲಿ ನನಗೆ ಪೂರ್ತಿ ನಂಬಿಕೆ ಇರುವ ಅಂಶ ಇದೊಂದೇ.

ಇನ್ನೊಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಎಣ್ಣಿ ಹೊಡೆಯುವ ಕೂಲಿಗೆ ಉಳಿದ ಕೂಲಿಗಿಂತ ಒಂದಿಷ್ಟು ಹೆಚ್ಚು ಸಿಗುತ್ತದೆ. ವಿಷ ಕುಡಿಯುವ ಕೆಲಸ ಎಂದು ಗೊತ್ತಿದ್ದೂ ಆ ಹೆಚ್ಚಿನ ದುಡ್ಡಿಗಾಗಿ ಹೋಗುವವರಿದ್ದಾರೆ. ಕೇರಳದ ಕುಟ್ಟಿಪ್ಪುರಂನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಕಟ್ಟಿದ ಜೆನ್‌ರೋಬೊಟಿಕ್ಸ್ ಕಂಪನಿ ಮ್ಯಾನ್‌ಹೋಲ್ ಸ್ವಚ್ಛಗೊಳಿಸುವ ‘ಬ್ಯಾಂಡಿಕೂಟ್’ ರೋಬೊ ಮಾಡಿತು. ಒಳಗೆ ಇಳಿಯುತ್ತಿದ್ದ ಕಾರ್ಮಿಕರಿಗೇ ಅದನ್ನು ನಡೆಸುವ ತರಬೇತಿ ಕೊಡುವುದನ್ನೂ ಅವರು ಯೋಜನೆಯ ಭಾಗವಾಗಿಸಿದರು. ಹೊಲದಲ್ಲಿ ಅದು ಹೇಗೆ ಆಗಬಹುದು ಎಂದು ನಾವಿನ್ನೂ ಕೂತು ಯೋಚಿಸಬೇಕು. ಗಾಡಿಯನ್ನು ತುಂಬುವ, ತಿರುಗಿಸುವ, ಬ್ಯಾಟರಿ ಬದಲಿಸುವ ಕೆಲಸಕ್ಕೆ ಹೇಗೂ ಒಬ್ಬರು ಬೇಕೇ ಬೇಕು.

ಇಂಥ ಗಾಡಿ ಕಟ್ಟಲು ಹೊರಟವರಿಗೆ ಎರಡು ಮೂರು ಬಾಗಿಲು ತಿಳಿದಿರಲಿ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಧನಸಹಾಯ ಕೊಡುತ್ತಾ ಬಂದಿದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ನೋಟಿಸ್ ಬೋರ್ಡ್ ನೋಡುತ್ತಿರಿ. ಐಐಟಿ ಬಾಂಬೆಯ ಇ-ಯಂತ್ರ ಪ್ರತಿವರ್ಷ ರೋಬೊ ಸ್ಪರ್ಧೆ ನಡೆಸುತ್ತದೆ, ಕಲಿಸುತ್ತಲೇ ಸ್ಪರ್ಧೆಗೆ ಇಳಿಸುವುದು ಅದರ ವಿಶೇಷ. ಇಸ್ರೊದ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ಚಂದ್ರಯಾನ-3ರ ಬಳಿಕ ವಿದ್ಯಾರ್ಥಿಗಳಿಗೆ ರೋಬೊ ಸ್ಪರ್ಧೆ ಶುರು ಮಾಡಿದೆ. ಹೊಲದ ಗಾಡಿ ಮಾಡುವವರಿಗೆ ಇನ್ನೂ ಹತ್ತಿರದ ಬಾಗಿಲೆಂದರೆ ಶಹಾಪುರದ ಪಕ್ಕದ ಭೀಮರಾಯನಗುಡಿಯ ಕೃಷಿ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ. ಕೀಟನಾಶಕಕ್ಕೆ ಟೊಳ್ಳು ಶಂಕುವಿನಂತೆ ಹರಡುವ ನಳಿಕೆ ಬೇಕು, ಕಳೆನಾಶಕಕ್ಕೆ ಬೀಸಣಿಗೆಯಂತೆ ಹರಡುವುದು ಬೇಕು ಎಂಬ ಇಷ್ಟು ಸಣ್ಣ ವಿಷಯ ಎಲೆಕ್ಟ್ರಾನಿಕ್ಸ್ ಓದುವ ನಮಗೆ ಯಾರು ಹೇಳಬೇಕು? ಅವರಿಗೆ ಮೋಟರ್ ಗೊತ್ತಿಲ್ಲ, ನಮಗೆ ಹುಳ ಗೊತ್ತಿಲ್ಲ, ನಡುವೆ ಇರುವುದು ಬಸ್ಸಿನ ಒಂದು ಟಿಕೆಟ್.

ನಮ್ಮ ಗಾಡಿಯನ್ನು ನಾವು ಬಿಚ್ಚಿಲ್ಲ. ಅದೀಗ ಕಾಕಾ ಅವರ ಮನೆಯ ಹಗೇವಿನ ಪಕ್ಕದ ಕೋಣೆಯಲ್ಲಿ, ಗೊಬ್ಬರದ ಚೀಲಗಳ ಜತೆ ಇದೆ. ಅಕ್ಟೋಬರಿನಲ್ಲಿ ಹತ್ತಿಯ ಟೊಂಗೆಗಳು ಎರಡೂ ಕಡೆಯಿಂದ ಬಂದು ಕೂಡಿಕೊಂಡಾಗ ಕಪ್ಪು ದಾರಿ ಮೇಲಿನಿಂದ ಕಾಣುವುದೇ ಇಲ್ಲ. ಹಾಗಾಗಿ ಕ್ಯಾಮೆರಾವನ್ನು ಕೆಳಗಿಳಿಸಿ ಗಿಡಗಳ ಬುಡದ ಕಾಂಡಗಳನ್ನು ನೋಡುವಂತೆ ಮಾಡಬೇಕಾಗಿದೆ. ಬುಡದಲ್ಲಿ ಹಸಿರು ಕಡಿಮೆ, ನೆರಳು ಹೆಚ್ಚು, ಕೂಡು-ಕಳೆಯ ಸೂತ್ರ ಅಲ್ಲಿ ನಡೆಯದು. ಗೆಳತಿ ಹೊಸ ಪ್ರೋಗ್ರಾಂ ಬರೆಯುತ್ತಿದ್ದಾಳೆ. ಎರಡನೇ ವರ್ಷದ ಮೂವರು ಭಾನುವಾರ ಜತೆಗೆ ಬರುತ್ತಿದ್ದಾರೆ, ಅವರಲ್ಲೊಬ್ಬ ಹುಣಸಗಿಯವನು, ಟ್ರ್ಯಾಕ್ಟರ್ ಮೆಕ್ಯಾನಿಕ್ಕನ ಮಗ. ಜೂನ್‌ನಲ್ಲಿ ಹದ ಮಳೆ ಬಿದ್ದು ಹತ್ತಿ ಬಿತ್ತಿದರೆ ಆಗಸ್ಟಿನ ಹೊತ್ತಿಗೆ ಮತ್ತೆ ಸಾಲು ಸಿಗುತ್ತದೆ. ಅಲ್ಲಿಯವರೆಗೂ ಟ್ಯಾಂಕಿನಲ್ಲಿ ನೀರನ್ನೇ ತುಂಬಬೇಕೆಂದು ಕಾಕಾ ಕಟ್ಟುನಿಟ್ಟಾಗಿ ಹೇಳಿದ್ದಾರೆ.